ಬೆಳಗ್ಗೆ ಎದ್ದ ಕೂಡಲೇ ಬೆನ್ನು ಬಗ್ಗಿಸಬೇಡಿ, ಯಾರಿಂದಲೂ ಒತ್ತಿಸಿಕೊಳ್ಳಬೇಡಿ

ಸೊಂಟ ಹಿಡಿದಿದೆ ಅಂತ ಬೆಳಗಿನ ಯೋಗ ಕ್ಲಾಸಿಗೆ ಸೇರೋಕೆ ಹೊರಟಿರುವವರು ದಯವಿಟ್ಟು ಇದನ್ನು ಓದಿ. ಯೋಗದ ಮೇಲೆ ನನಗೆ ಸಿಟ್ಟಿಲ್ಲ, ಈಗಲೂ ಮಾಡ್ತೀನಿ. ಆದರೆ ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ಹಾಸನದಲ್ಲಿ 18 ವರ್ಷದಿಂದ ಬಟ್ಟೆ ಹೊಲೀತೀನಿ. ದಿನಾ ಎಂಟು ಗಂಟೆ ಮಿಷನ್ ಮುಂದೆ ಬಗ್ಗಿ ಕೂರೋ ಕೆಲಸ, ಗೌರಿ ಹಬ್ಬ, ಮದುವೆ ದಿನಗಳು ಬಂದರೆ ಇನ್ನೂ ಜಾಸ್ತಿ. ಹೋದ ಚಳಿಗಾಲದಲ್ಲಿ ಬೆಳಗ್ಗೆ ಎದ್ದರೆ ಸೊಂಟಕ್ಕೆ ಹಲಗೆ ಕಟ್ಟಿದ ಹಾಗಿರೋದು. ಕಾಫಿ ಕಾಯಿಸ್ತಾ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಓಡಾಡಿದರೆ ಸಡಿಲ ಆಗೋದು. ಪಕ್ಕದ ಮನೆಯವಳು, "ಅಕ್ಕಾ, ನಮ್ಮ ಕ್ಲಾಸಿಗೆ ಬನ್ನಿ, ಹದಿನೈದು ದಿನಕ್ಕೆ ಸರಿ ಹೋಗುತ್ತೆ" ಅಂದಳು.

ಕ್ಲಾಸು ಐದೂವರೆಗೆ. ಡಿಸೆಂಬರ್ ಚಳಿ, ಮಂಜಿನಲ್ಲಿ ಎದುರಿನ ಲೈಟ್ ಕಂಬ ಕಾಣಲ್ಲ. ಹಾಸಿಗೆಯಿಂದ ಎದ್ದು ಇಪ್ಪತ್ತು ನಿಮಿಷದೊಳಗೆ ತಣ್ಣನೆ ನೆಲದ ಮೇಲೆ ಚಾಪೆ ಹಾಸಿ ಕೂತಿರ್ತಿದ್ದೆ. ನಲವತ್ತು ಜನಕ್ಕೆ ಒಬ್ಬರೇ ಮೇಡಂ. ಸೇರುವಾಗ ವಯಸ್ಸು ಬರೆದುಕೊಂಡರು, ಫೀಸು ತಗೊಂಡರು. ಎಲ್ಲಿ ನೋಯುತ್ತೆ, ನೋವು ಕಾಲಿಗೆ ಇಳಿಯುತ್ತಾ ಅಂತ ಯಾರೂ ಕೇಳಲಿಲ್ಲ.

ಒಂಬತ್ತನೇ ದಿನ ಪಶ್ಚಿಮೋತ್ತಾನಾಸನ, ಅಂದರೆ ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗಿ ಪಾದ ಹಿಡಿಯೋದು. ನನ್ನ ಕೈ ಮೊಣಕಾಲು ದಾಟಿ ಒಂದು ಗೇಣು ಹೋಗಿರಬಹುದು. "ಮೇಡಂ, ಹಿಂದೆ ಎಳೀತಿದೆ" ಅಂದೆ. "ಅಭ್ಯಾಸ ಇಲ್ವಲ್ಲಾ, ಅದಕ್ಕೆ. ಉಸಿರು ಬಿಡಿ" ಅಂತ ಎರಡೂ ಅಂಗೈ ನನ್ನ ಬೆನ್ನ ಮೇಲಿಟ್ಟು ಒತ್ತಿದರು. ಸೊಂಟದಿಂದ ಬಲತೊಡೆಯ ಹಿಂದೆ ಮೀನಖಂಡದ ತನಕ ಕರೆಂಟ್ ಹೊಡೆದ ಹಾಗಾಯ್ತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಮೊದಮೊದಲು ನೋವು ಬಂದೇ ಹೋಗೋದು ಅಂತ ಎಲ್ಲರೂ ಹೇಳಿದ್ದರಿಂದ ಮತ್ತೆರಡು ದಿನ ಹೋದೆ. ಮೂರನೇ ದಿನ ರವಿಕೆಯ ತೋಳು ಜೋಡಿಸ್ತಾ ಇದ್ದೆ, ಮಿಷನ್ ತಾನಾಗಿ ನಿಂತಿತು. ಬಗ್ಗಿ ನೋಡಿದರೆ ಬಲಗಾಲು ಪೆಡಲ್‌ನಿಂದ ಜಾರಿದೆ, ನನಗೆ ಗೊತ್ತೇ ಆಗಿಲ್ಲ. ಹೆಬ್ಬೆರಳು ಚಿವುಟಿಕೊಂಡೆ. ಯಾರದೋ ಬೆರಳು ಮುಟ್ಟಿದ ಹಾಗಿತ್ತು.

ಎಂಆರ್‌ಐಯಲ್ಲಿ ಎಲ್4–ಎಲ್5 ಅನ್ನೋ ಸೊಂಟದ ಮೂಳೆಗಳ ನಡುವಿನ ಡಿಸ್ಕ್, ಅಂದರೆ ಮೆತ್ತೆಯಂಥ ಭಾಗ, ಉಬ್ಬಿ ನರ ಒತ್ತಿದೆ ಅಂತ ಬಂತು. ಆಪರೇಷನ್ ಬೇಕಾಗಲಿಲ್ಲ, ಎರಡು ತಿಂಗಳು ಫಿಸಿಯೋಥೆರಪಿ. ಸಂಕ್ರಾಂತಿಗೆ ಒಪ್ಪಿಕೊಂಡಿದ್ದ ಬಟ್ಟೆಯನ್ನೆಲ್ಲ ವಾಪಸ್ ಕೊಟ್ಟೆ.

ಫಿಸಿಯೋ ಹೇಳಿದ ಮಾತು ನನಗೆ ಮೊದಲೇ ಗೊತ್ತಿದ್ದರೆ! ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಗ್ಗೆ ನಾವು ರಾತ್ರಿಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರ ಇರೋದು ಅದಕ್ಕೇ. ಆ ಹೊತ್ತಿನಲ್ಲಿ ಮುಂದಕ್ಕೆ ಬಗ್ಗಿದರೆ ಡಿಸ್ಕ್ ಮೇಲೆ ಬೀಳುವ ಒತ್ತಡ ಬೇರೆ ಹೊತ್ತಿಗಿಂತ ಜಾಸ್ತಿ. ಎದ್ದ ಮೊದಲ ಒಂದು ಗಂಟೆ ಮುಂಬಾಗುವ ಆಸನವೇ ಬೇಡ ಅಂದರು. ಜೂನ್ 21ರ ಯೋಗ ದಿನಕ್ಕೆ ಆಯುಷ್ ಸಚಿವಾಲಯ ಕೊಡುವ ಪುಸ್ತಿಕೆಯಲ್ಲೂ ಡಿಸ್ಕ್ ತೊಂದರೆ ಇರುವವರು ಪಾದಹಸ್ತಾಸನ (ನಿಂತು ಮುಂದಕ್ಕೆ ಬಗ್ಗಿ ಪಾದ ಮುಟ್ಟೋದು) ಮಾಡಬಾರದು ಅಂತಿದೆ. ಕಲಿಸುವವರು ಅದನ್ನು ಬಾಯಿಬಿಟ್ಟು ಹೇಳಬೇಕು.

ಈಗ ಮಗ್ಗುಲಿಗೆ ಹೊರಳಿ, ಕೈ ಊರಿ ಏಳ್ತೀನಿ. ಮಹಾರಾಜ ಪಾರ್ಕಿನಲ್ಲಿ ನಡೆದು ಬಂದು, ಮೈ ಬೆಚ್ಚಗಾದ ಮೇಲೆ ಮಾರ್ಜಾಲಾಸನ, ಸೇತುಬಂಧಾಸನ, ಮೊಣಕೈ ಊರಿ ಸ್ವಲ್ಪವೇ ಎತ್ತುವ ಭುಜಂಗಾಸನ. ಇಷ್ಟೇ, ಹದಿನೈದು ನಿಮಿಷ. ಇದು ನನ್ನ ಬೆನ್ನು ನೋಡಿ ಹೇಳಿದ್ದು, ನಿಮ್ಮದನ್ನು ಒಮ್ಮೆ ತೋರಿಸಿಯೇ ಶುರು ಮಾಡಿ.

ಆಸನ ಮಾಡುವಾಗ ನೋವು ಸೊಂಟ ಬಿಟ್ಟು ಕಾಲಿಗೆ ಇಳಿದರೆ ಅಲ್ಲೇ ನಿಲ್ಲಿಸಿ, ಯಾರು ಏನೇ ಅನ್ನಲಿ. ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ.