ಒಂದೇ ಕಾಪಿ ಹಾಳೆ, ಮಾರಿ ನೋಡಿದ ನಾಲ್ಕು ದಾರಿ

ಮೊದಲು ನನ್ನ ಕಸುಬು ಏನು ಅಂತ ಹೇಳಿಬಿಡುತ್ತೇನೆ. ಕರ್ನಾಟಕದ ಹೊರಗೆ ಬೆಳೆಯುವ ಕನ್ನಡದ ಮಕ್ಕಳಿಗೆ ಅಕ್ಷರ ತಿದ್ದುವ ಹಾಳೆ ಬರೆಯುತ್ತೇನೆ. ಚಿತ್ರ ನನ್ನದೇ, ಅಕ್ಷರವೂ ನನ್ನದೇ. ಇಪ್ಪತ್ತು ಹಾಳೆಗಳ ಒಂದು ಪಿಡಿಎಫ್ ಕಟ್ಟಿಗೆ 199 ರೂಪಾಯಿ. ಬೇಕಾದವರು ಮನೆಯಲ್ಲೇ ಪ್ರಿಂಟ್ ತೆಗೆದುಕೊಳ್ಳುತ್ತಾರೆ. ಊರು ಧಾರವಾಡ, ಮದುವೆಯಾಗಿ ಬಂದಾಗಿನಿಂದ ಪುಣೆಯ ಕೋಥ್ರೂಡ್.

ಶುರುವಾಗಿದ್ದು ಮಗಳಿಂದ. ಶಾಲೆಯಲ್ಲಿ ಅವಳಿಗೆ ಇಂಗ್ಲಿಷ್, ಮರಾಠಿ, ಹಿಂದಿ. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ, ಓದೋಕೆ ಮಾತ್ರ ಬರುತ್ತಿರಲಿಲ್ಲ. ಒಂದು ದಿನ ‘ಕಮಲ’ ಅಂತ ಬರೆದು ಕೊಟ್ಟೆ. ನೋಡಿ ನೋಡಿ ಬರೆದಳು. ಬರೆದಾದ ಮೇಲೆ ಸ್ಕೇಲ್ ಇಟ್ಟು, ಮೂರೂ ಅಕ್ಷರದ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದಳು. ಮರಾಠಿ ತರಗತಿಯಲ್ಲಿ ಹಾಗೇ ಕಲಿತಿದ್ದಾಳೆ. ದೇವನಾಗರಿಯಲ್ಲಿ ಪದ ಮುಗಿದ ಮೇಲೆ ಶಿರೋರೇಖೆ ಎಳೆಯಲೇಬೇಕು, ಅಲ್ವಾ? ನಮ್ಮಲ್ಲಿ ಹೆಚ್ಚಿನ ಅಕ್ಷರಕ್ಕೆ ಅದರದ್ದೇ ಪುಟ್ಟ ತಲೆಕಟ್ಟು. ಕೆಲವಕ್ಕೆ ಅದೂ ಇಲ್ಲ, ‘ಕಮಲ’ದ ಲ ನೋಡಿ. ಊರಿಂದ ತಂದ ಕಾಪಿ ಪುಸ್ತಕದಲ್ಲಿ ಈ ಗೊಂದಲಕ್ಕೆ ಉತ್ತರ ಇರಲಿಲ್ಲ. ದೇವನಾಗರಿ ಮೊದಲು ಕಲಿತ ಮಗುವಿಗೆ ಬೇರೆಯದೇ ಹಾಳೆ ಬೇಕು ಅಂತ ಅವತ್ತು ಗೊತ್ತಾಯಿತು.

ಹಾಳೆ ಬರೆಯುವುದು ನನಗೆ ಬರುತ್ತದೆ. ಅದನ್ನು ಮಾರುವುದು ಹೇಗೆ ಅನ್ನುವುದಕ್ಕೆ ನಾಲ್ಕು ದಾರಿ ಹಿಡಿದು ನೋಡಿದೆ. ಒಂದೊಂದಕ್ಕೂ ನಾಲ್ಕು ತಿಂಗಳು ಕೊಟ್ಟೆ. ಡೈರಿಯಲ್ಲಿ ಎರಡು ಲೆಕ್ಕ ಇಟ್ಟೆ. ಎಷ್ಟು ದುಡ್ಡು ಬಂತು, ಎಷ್ಟು ಹೊಸ ಹಾಳೆ ಬರೆದೆ. ಎರಡನೆಯ ಲೆಕ್ಕವೇ ನನಗೆ ಮುಖ್ಯ. ಹೊಸ ಹಾಳೆ ಬರಲಿಲ್ಲ ಅಂದರೆ ಮುಂದಿನ ವರ್ಷ ಮಾರೋದಕ್ಕೇ ಏನೂ ಇರುವುದಿಲ್ಲ.

ಮೊದಲನೆಯದು ಪುಟ್ಟ ವಿಡಿಯೊ. ಪೆನ್ನು ಹಿಡಿದ ಕೈ ಮಾತ್ರ ಕಾಣುವ ಹಾಗೆ ಒಂದು ಅಕ್ಷರ ಬರೆಯುವುದು, ಕೆಳಗೆ ‘ಬೇಕಾದವರು ಮೆಸೇಜ್ ಮಾಡಿ’ ಅಂತ ಹಾಕುವುದು. ಆರ್ಡರ್ ವಾಟ್ಸ್‌ಆ್ಯಪ್‌ನಲ್ಲಿ, ದುಡ್ಡು ಯುಪಿಐನಲ್ಲಿ. ಖರ್ಚು ಏನೂ ಇಲ್ಲ. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಹಿಡಿಯುವ ಹಾಗಿಲ್ಲ, 199 ಕೊಟ್ಟರೆ 199 ಪೂರ್ತಿ ಕೈಗೆ ಬರುತ್ತದೆ. ನಾಲ್ಕು ತಿಂಗಳಲ್ಲಿ 33,000 ರೂಪಾಯಿ ಬಂತು. ‘ಕ್ಷ’ ಬರೆಯುವ ವಿಡಿಯೊ ಒಂದೇ ಅದರಲ್ಲಿ ಅರ್ಧದಷ್ಟು ತಂದಿತು.

ಆದರೆ ದಿನಕ್ಕೊಂದು ವಿಡಿಯೊ ಹಾಕದಿದ್ದರೆ ಆರ್ಡರ್ ನಿಂತೇ ಹೋಗುತ್ತಿತ್ತು. ಎರಡು ದಿನ ಜ್ವರ ಬಂದು ಮಲಗಿದರೆ ಮೂರನೇ ದಿನ ಮತ್ತೆ ಮೊದಲಿನಿಂದ ಶುರು. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಸೊಲ್ಲಾಪುರದ ಒಬ್ಬ ಅಜ್ಜಿ ಮೊಮ್ಮಗನ ಹುಟ್ಟುಹಬ್ಬಕ್ಕೆ ಅಂತ ದುಡ್ಡು ಕಳಿಸಿದ್ದರು. ಮೆಸೇಜ್ ಅವರ ಹೆಸರಲ್ಲಿ, ದುಡ್ಡು ಬಂದಿದ್ದು ಮಗನ ಖಾತೆಯಿಂದ. ಯಾರ ದುಡ್ಡು ಅಂತ ನನಗೆ ಹೊಳೆಯಲಿಲ್ಲ, ಅವರ ಮೆಸೇಜ್ ಐವತ್ತು ಮೆಸೇಜುಗಳ ಕೆಳಗೆ ಹೋಗಿಬಿಟ್ಟಿತ್ತು. ಒಂಬತ್ತು ದಿನ ಕಾದು ಫೋನ್ ಮಾಡಿದರು. ಹುಟ್ಟುಹಬ್ಬ ಮುಗಿದಿತ್ತು. ‘ಇರ್ಲಿ ಬಿಡವ್ವಾ’ ಅಂದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಆ ನಾಲ್ಕು ತಿಂಗಳಲ್ಲಿ ಬರೆದ ಹೊಸ ಹಾಳೆ ಹನ್ನೊಂದು.

ಎರಡನೆಯದು ವಿದೇಶದ ದೊಡ್ಡ ಆನ್‌ಲೈನ್ ಮಾರುಕಟ್ಟೆಗಳು, ಗಮ್‌ರೋಡ್ ಮತ್ತು ಎಟ್ಸಿ. ಇಲ್ಲಿ ಜಾಸ್ತಿ ಹೇಳೋದೇನಿಲ್ಲ, ಲೆಕ್ಕವೇ ಸಾಕು. ಗಮ್‌ರೋಡ್‌ನಲ್ಲಿ ಪ್ರತಿ ಮಾರಾಟಕ್ಕೆ ಶೇ 10, ಅದರ ಮೇಲೆ 50 ಸೆಂಟ್. 199 ರೂಪಾಯಿಯಲ್ಲಿ ಇಪ್ಪತ್ತು ರೂಪಾಯಿ ಒಂದು ಕಡೆ ಹೋದರೆ, ನಲವತ್ತಕ್ಕಿಂತ ಜಾಸ್ತಿ ಇನ್ನೊಂದು ಕಡೆ ಹೋಗುತ್ತದೆ. ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಎಟ್ಸಿಯಲ್ಲಿ ಒಂದು ವಸ್ತು ನಾಲ್ಕು ತಿಂಗಳು ಇಡಲು 20 ಸೆಂಟ್, ಮಾರಿದಾಗ ಶೇ 6.5, ಪಾವತಿಯ ಶುಲ್ಕ ಬೇರೆ. ಎರಡು ಸಾವಿರ ರೂಪಾಯಿಯ ಚಿತ್ರ ಮಾರುವವರಿಗೆ ಇದು ಭಾರ ಅನಿಸಲಿಕ್ಕಿಲ್ಲ. ನನ್ನಂಥ ಸಣ್ಣ ಬೆಲೆಯ ಸರಕಿಗೆ ಭಾರವೇ. ಎಲ್ಲ ಕಳೆದು ಕೈಗೆ ಬಂದದ್ದು 6,500. ಇನ್ನೂ ಒಂದು ವಿಷಯ. ಆ ಮಾರುಕಟ್ಟೆಗಳಲ್ಲಿ ‘ಕನ್ನಡ’ ಅಂತ ಹುಡುಕುವವರೇ ಕಡಿಮೆ. ನನ್ನ ಹಾಳೆ ಕೊಂಡವರು ನಾನೇ ಕೊಂಡಿ ಕಳಿಸಿದವರು. ನಾನೇ ಕರೆತಂದ ಗಿರಾಕಿಗೆ ದಲ್ಲಾಳಿ ಯಾಕೆ ಬೇಕು?

ಆದರೂ ಒಂದು ಒಳ್ಳೆಯದಾಯಿತು. ದುಡ್ಡು ಬಂದ ಕ್ಷಣವೇ ಫೈಲ್ ತಾನಾಗಿ ಹೋಗುತ್ತದೆ, ನಾನು ಫೋನ್ ಹಿಡಿದು ಕೂರಬೇಕಾಗಿಲ್ಲ. ಆ ನಾಲ್ಕು ತಿಂಗಳಲ್ಲಿ ಮೂವತ್ತು ಹಾಳೆ ಬರೆದೆ. ಗುಣಿತಾಕ್ಷರದ ಇಡೀ ಕಟ್ಟು ಆಗಲೇ ಮುಗಿದಿದ್ದು.

ಮೂರನೆಯದು ಆನ್‌ಲೈನ್ ಪಾಠ. ಆರಾರು ಮಕ್ಕಳ ಎರಡು ತಂಡ, ಶನಿವಾರ ಮತ್ತು ಭಾನುವಾರ. ಜೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷ ಸಿಗುತ್ತದೆ. ಏಳು ವರ್ಷದ ಮಗುವಿಗೆ ಅಷ್ಟು ಬೇಕಾದಷ್ಟಾಯಿತು. ತಿಂಗಳಿಗೆ ಒಂದು ಮಗುವಿಗೆ 1,200 ರೂಪಾಯಿ, ನಾಲ್ಕು ತಿಂಗಳಿಗೆ 57,600. ನಾಲ್ಕೂ ದಾರಿಯಲ್ಲಿ ಜಾಸ್ತಿ ದುಡ್ಡು ಕೊಟ್ಟದ್ದು ಇದೇ. ಅಷ್ಟೇ ಅಲ್ಲ, ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಕಣ್ಣಾರೆ ಕಂಡೆ. ಥಾಣೆಯ ಒಬ್ಬ ಹುಡುಗ ‘ಅಕ್ಕ’ ಬರೆಯುವಾಗ ಕ ಅಕ್ಷರದ ಒತ್ತನ್ನು ಪಕ್ಕದಲ್ಲಿ ಬರೆಯುತ್ತಿದ್ದ. ಹಿಂದಿಯ ‘ಪಕ್ಕಾ’ದಲ್ಲಿ ಅರ್ಧ ಕ ಪಕ್ಕದಲ್ಲೇ ಇರುತ್ತದಲ್ಲ, ಅದೇ ಅಭ್ಯಾಸ. ಒತ್ತಕ್ಷರ ಕೆಳಗಿನ ಮನೆಗೆ ಇಳಿಯುತ್ತದೆ ಅಂತ ತೋರಿಸಲು ಎರಡು ಅಂತಸ್ತಿನ ಮನೆಯ ಚಿತ್ರ ಬರೆದೆ. ಇವತ್ತಿಗೂ ಜಾಸ್ತಿ ಮಾರಾಟವಾಗುವ ಹಾಳೆ ಅದು. ಒಬ್ಬಳೇ ಮೇಜಿನ ಮುಂದೆ ಕೂತಿದ್ದರೆ ಅದು ನನಗೆ ಹೊಳೆಯುತ್ತಿರಲಿಲ್ಲ.

ಆದರೆ ಎಲ್ಲ ವಾರಾಂತ್ಯವೂ ಹೋಯಿತು. ಅಪ್ಪನಿಗೆ ಹುಷಾರಿಲ್ಲ ಅಂತ ಧಾರವಾಡಕ್ಕೆ ಹೋದಾಗಲೂ ಲ್ಯಾಪ್‌ಟಾಪ್ ಹಿಡಿದು ಹಿತ್ತಲಲ್ಲಿ ಕೂತು ಪಾಠ ಮಾಡಿದೆ. ಹೊಸ ಹಾಳೆ ಹದಿನಾಲ್ಕು.

ನಾಲ್ಕನೆಯದು ನನ್ನದೇ ಒಂದು ಸಣ್ಣ ವೆಬ್ ಪುಟ, ಹದಿನೈದು ದಿನಕ್ಕೊಂದು ಮಿಂಚೆ, ಅಂದರೆ ಇ-ಮೇಲ್. ಮಿಂಚೆಯಲ್ಲಿ ಒಂದು ಉಚಿತ ಹಾಳೆ, ಅದನ್ನು ಮಗುವಿಗೆ ಹೇಗೆ ಹೇಳಿಕೊಡಬೇಕು ಅಂತ ನಾಲ್ಕು ಸಾಲು. ಪುಟದಲ್ಲಿ ದುಡ್ಡು ಕಟ್ಟಲು ರೇಜರ್‌ಪೇ ಕೊಂಡಿ ಇಟ್ಟಿದ್ದೇನೆ. ಶೇ 2 ಶುಲ್ಕ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. 199ಕ್ಕೆ ಐದು ರೂಪಾಯಿಯೂ ಆಗುವುದಿಲ್ಲ. ಯಾರು ಕೊಟ್ಟರು ಅನ್ನೋದು ಆರ್ಡರ್ ಜೊತೆಗೇ ಬರುತ್ತದೆ, ಫೈಲ್ ಮಿಂಚೆಯಲ್ಲಿ ತಾನಾಗಿ ಹೋಗುತ್ತದೆ. ಸೊಲ್ಲಾಪುರದ ಅಜ್ಜಿಗೆ ಆದ ಹಾಗೆ ಇನ್ಯಾರಿಗೂ ಆಗುವುದಿಲ್ಲ ಅನ್ನುವ ನೆಮ್ಮದಿ ನನಗೆ ದೊಡ್ಡದು.

ಚಂದಾದಾರರಿಗೆ ಮಿಂಚೆ ಕಳಿಸುವ ತಾಣ ಸಬ್‌ಸ್ಟ್ಯಾಕ್‌ನಲ್ಲಿ ತಿಂಗಳ ಚಂದಾ ಇಡೋಣ ಅಂತಲೂ ಯೋಚಿಸಿದ್ದೆ. ಅದು ಶೇ 10 ಹಿಡಿಯುತ್ತದೆ, ದುಡ್ಡು ಬರುವುದು ಸ್ಟ್ರೈಪ್ ಅನ್ನುವ ಪಾವತಿ ಕಂಪನಿಯ ಮೂಲಕ. 2024ರಿಂದ ಭಾರತದಲ್ಲಿ ಸ್ಟ್ರೈಪ್ ಖಾತೆ ಆಹ್ವಾನ ಇದ್ದವರಿಗೆ ಮಾತ್ರ. ಹಾಗಾಗಿ ಅದನ್ನು ಬಿಟ್ಟೆ.

ಮಿಂಚೆಗೆ ವಿಳಾಸ ಎಲ್ಲಿಂದ ತರುವುದು? ಮೊದಲ ಮೂವತ್ತೆಂಟು ಸಿಕ್ಕಿದ್ದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ. ಸಭಾಂಗಣದ ಬಾಗಿಲ ಹತ್ತಿರ ಒಂದು ಮೇಜು, ಮೇಲೆ ಹಾಳೆಗಳು, ಪಕ್ಕದಲ್ಲಿ ಒಂದು ನೋಟ್‌ಬುಕ್. ಮಕ್ಕಳು ಅಲ್ಲೇ ಕೂತು ತಿದ್ದಿದರು, ಅಮ್ಮಂದಿರು ವಿಳಾಸ ಬರೆದು ಹೋದರು. ಈಗ 412 ಇವೆ. ಪುಣೆ, ಮುಂಬಯಿ, ಡೊಂಬಿವಿಲಿ, ಮಸ್ಕತ್ತಿನಿಂದಲೂ ಮೂವರು.

ನಮ್ಮ ಜನ ಮಿಂಚೆಗಿಂತ ವಾಟ್ಸ್‌ಆ್ಯಪ್ ಜಾಸ್ತಿ ನೋಡುತ್ತಾರೆ, ಅದು ನಿಜ. ಅದಕ್ಕೇ ಬ್ರಾಡ್‌ಕಾಸ್ಟ್ ಪಟ್ಟಿಯನ್ನೂ ಮಾಡಿ ನೋಡಿದೆ. ಒಂದು ಪಟ್ಟಿಯಲ್ಲಿ 256 ಜನ ಮಾತ್ರ, ಅದೂ ನನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಮಿಂಚೆಗೆ ಆ ಮಿತಿ ಇಲ್ಲ. ಒಂದು ಎಚ್ಚರ ಹೇಳಬೇಕು. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಸ್ವಂತ ಡೊಮೇನ್‌ನಿಂದ ಕಳಿಸುವವರು ಎಸ್‌ಪಿಎಫ್, ಡಿಕೆಐಎಂ ಎರಡನ್ನೂ ಸರಿಯಾಗಿ ಹಾಕಿಕೊಳ್ಳಿ, ಮಿಂಚೆ ನಿಜಕ್ಕೂ ನಮ್ಮಿಂದಲೇ ಬಂದಿದೆ ಅಂತ ತೋರಿಸುವ ಗುರುತುಗಳು ಅವು. ನಾನು ಹಾಕದೆ ಕಳಿಸಿದ ಮೊದಲ ಮೂರು ಮಿಂಚೆ ಎಷ್ಟೋ ಜನರ ಸ್ಪ್ಯಾಮ್‌ನಲ್ಲಿ ಬಿದ್ದಿದ್ದವು. ಸರಿಪಡಿಸಲು ಹಿಡಿದದ್ದು ಒಂದು ಸಂಜೆ.

ಹೊಸ ಕಟ್ಟನ್ನು ಯಾವಾಗ ಬಿಡಬೇಕು ಅನ್ನುವುದನ್ನು ಪುಣೆಯೇ ಕಲಿಸಿತು. ಪುಸ್ತಕದಂಗಡಿಗಳ ಅಪ್ಪಾ ಬಳವಂತ ಚೌಕಿನಲ್ಲಿ ದೀಪಾವಳಿ ಹತ್ತಿರ ಬಂದರೆ ಸಾಕು, ಮರಾಠಿ ದೀಪಾವಳಿ ಅಂಕಗಳು, ಅಂದರೆ ಪತ್ರಿಕೆಗಳ ವಿಶೇಷಾಂಕಗಳು, ಅಂಗಡಿ ಮುಂದೆ ಎದೆಯೆತ್ತರ ಪೇರಿಸಿರುತ್ತವೆ. 1909ರಲ್ಲಿ ‘ಮನೋರಂಜನ’ ಪತ್ರಿಕೆ ಶುರು ಮಾಡಿದ ಪದ್ಧತಿ. ವರ್ಷಕ್ಕೊಂದೇ ಸಲ ಬರುವ ಅಂಕಕ್ಕೆ ಓದುಗರು ಕಾದು ನಿಲ್ಲುತ್ತಾರೆ. ಅದನ್ನು ನೋಡಿ ನಾನೂ ಎರಡೇ ಕಟ್ಟು ಅಂತ ಗಟ್ಟಿ ಮಾಡಿಕೊಂಡೆ. ಒಂದು ಬೇಸಿಗೆ ರಜೆಗೆ, ಇನ್ನೊಂದು ದೀಪಾವಳಿ ರಜೆಗೆ. ಇಲ್ಲಿ ಶಾಲೆ ಜೂನ್ ಮಧ್ಯದಲ್ಲಿ ತೆರೆಯುವುದು. ಏಪ್ರಿಲ್ ಕೊನೆಗೆ ಕಟ್ಟು ಕೈಗೆ ಸಿಕ್ಕರೆ ಮಗುವಿಗೆ ಒಂದೂವರೆ ತಿಂಗಳು ಸಿಗುತ್ತದೆ. ಉಳಿದ ತಿಂಗಳಲ್ಲಿ ಹಳೆಯ ಹಾಳೆಗಳು ಸುಮ್ನೆ ತಮ್ಮಷ್ಟಕ್ಕೆ ಮಾರಾಟವಾಗುತ್ತವೆ.

ನಾಲ್ಕು ತಿಂಗಳಿಗೆ ಬಂದದ್ದು 41,000. ಪಾಠಕ್ಕಿಂತ ಕಡಿಮೆ. ಹೊಸ ಹಾಳೆ ನಲವತ್ತೆರಡು.

ಹಾಗಾಗಿ ಪುಟ ಮತ್ತು ಮಿಂಚೆಯನ್ನೇ ಉಳಿಸಿಕೊಂಡೆ. ಜೊತೆಗೆ ಒಂದೇ ಒಂದು ತಂಡದ ಪಾಠ, ಶನಿವಾರ ಬೆಳಿಗ್ಗೆ, ದೀಪಾವಳಿಯಿಂದ ಮಾರ್ಚ್‌ವರೆಗೆ ಮಾತ್ರ. ಮಕ್ಕಳ ಕೈ ನೋಡದೆ ಹಾಳೆ ಬರೆಯಲು ನನಗೆ ಮನಸ್ಸಿಲ್ಲ. ಮಾರುಕಟ್ಟೆಗಳ ಖಾತೆ ಮುಚ್ಚಿದೆ. ವಿಡಿಯೊ ತಿಂಗಳಿಗೆ ಎರಡು ಹಾಕುತ್ತೇನೆ, ಕೆಳಗೆ ಪುಟದ ವಿಳಾಸ ಮಾತ್ರ ಇರುತ್ತದೆ. ಹೊಸದಾಗಿ ಶುರು ಮಾಡುವವರ ಕೈಯಲ್ಲಿ ಒಂದೂ ವಿಳಾಸ ಇಲ್ಲದಿದ್ದರೆ ಮೊದಲು ಪಾಠದಿಂದಲೇ ಶುರು ಮಾಡಿ ಅನ್ನುತ್ತೇನೆ. ಆರು ಮಕ್ಕಳು ಸಿಕ್ಕರೆ ಆರು ಮನೆ ಸಿಕ್ಕ ಹಾಗೆ. ನನ್ನ 412ರಲ್ಲಿ ಎಷ್ಟೋ ವಿಳಾಸ ಆ ಹನ್ನೆರಡು ಅಮ್ಮಂದಿರು ಹೇಳಿ ಕಳಿಸಿದವು.

ಈಗ ಬೇಸಿಗೆಯ ಕಟ್ಟು ಬರೆಯುತ್ತಿದ್ದೇನೆ, ಒತ್ತಕ್ಷರದ ಎರಡನೇ ಭಾಗ. ಬೆಳಿಗ್ಗೆ ಮಗಳನ್ನು ಶಾಲೆಗೆ ಕಳಿಸಿ ಎಂಟೂವರೆಗೆ ಕೂತರೆ ಹನ್ನೆರಡರವರೆಗೆ ಫೋನ್ ಅಡುಗೆಮನೆಯಲ್ಲಿ. ನಿನ್ನೆ ಇಡೀ ಬೆಳಿಗ್ಗೆ ‘ರ್ಕ’ ಒಂದಕ್ಕೇ ಹೋಯಿತು. ದೇವನಾಗರಿಯಲ್ಲಿ ಆ ರೇಫ ಅಕ್ಷರದ ತಲೆ ಮೇಲೆ ಕೂರುತ್ತದೆ, ನಮ್ಮಲ್ಲಿ ಅರ್ಕಾವತ್ತಾಗಿ ಬಲಕ್ಕೆ ಬಂದು ನಿಲ್ಲುತ್ತದೆ. ಮೂರು ಚಿತ್ರ ಬರೆದು ಹರಿದೆ. ನಾಲ್ಕನೆಯದನ್ನು ಮಗಳಿಗೆ ತೋರಿಸಿದೆ. ‘ಅಮ್ಮಾ, ಇದು ಬಾಲ!’ ಅಂದಳು. ಅದನ್ನೇ ಇಟ್ಟುಕೊಂಡೆ.