ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಬರುತ್ತಿದೆಯೇ? ಪರಿವೇಶ್, ದಿಶಾಂಕ್, ರೇರಾ: ಅಕ್ಕಪಕ್ಕದವರಿಗೆ ಯಾವುದು ಎಷ್ಟು ಉಪಯೋಗ

ಬೆಂಗಳೂರಿನಲ್ಲಿ ಖಾಲಿ ಜಾಗಕ್ಕೆ ತಗಡಿನ ಬೇಲಿ ಬಿದ್ದ ಕೂಡಲೇ ಸುತ್ತಲಿನವರು ಕೇಳುವ ಪ್ರಶ್ನೆಗಳು ಎಲ್ಲ ಬಡಾವಣೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಎಷ್ಟು ಮನೆ ಬರುತ್ತವೆ, ನೀರು ಎಲ್ಲಿಂದ ತರುತ್ತಾರೆ, ಕೊಳಚೆ ಎಲ್ಲಿಗೆ ಬಿಡುತ್ತಾರೆ, ನಮ್ಮ ಈ ರಸ್ತೆ ತಡೆದೀತೇ? ಇವಕ್ಕೆ ಉತ್ತರ ಹುಡುಕಲು ಮೂರು ಸರ್ಕಾರಿ ಆನ್‌ಲೈನ್ ಸೇವೆಗಳಿವೆ, ಮೂರನ್ನೂ ಹಣ ಕೊಡದೆ ನೋಡಬಹುದು. ಹೆಚ್ಚಿನವರು ಮೊದಲು ಹೋಗುವುದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಪೋರ್ಟಲ್‌ಗೆ. ಅಕ್ಕಪಕ್ಕದ ನಿವಾಸಿಗಳ ಮಟ್ಟಿಗೆ ಮೊದಲು ನೋಡಬೇಕಾದದ್ದು ಪರಿವೇಶ್.

ಪರಿವೇಶ್ ಕೇಂದ್ರ ಪರಿಸರ ಸಚಿವಾಲಯದ ಪೋರ್ಟಲ್, 2018ರಲ್ಲಿ ಶುರುವಾದದ್ದು. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚು ನಿರ್ಮಿತ ವಿಸ್ತೀರ್ಣದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. ಗಣಿ, ಕಾರ್ಖಾನೆಗಳಿಗೆ ಊರವರನ್ನು ಸೇರಿಸಿ ಅಹವಾಲು ಕೇಳುವ ಸಭೆ ಇರುತ್ತದೆ. ವಸತಿ ಯೋಜನೆಗಳಿಗೆ ಅದರಿಂದ ವಿನಾಯಿತಿ ಇದೆ, ಯಾರೂ ನಿಮ್ಮನ್ನು ಕರೆದು ಕೇಳುವುದಿಲ್ಲ. ಹಾಗಾಗಿ ಬಿಲ್ಡರ್ ಇಲ್ಲಿ ಹಾಕಿರುವ ಕಾಗದಗಳನ್ನು ನೀವೇ ಓದಿ, ತಪ್ಪು ಕಂಡಲ್ಲಿ ನೀವೇ ಬರೆಯಬೇಕು.

ಪ್ರಸ್ತಾವನೆ ಸಂಖ್ಯೆ ಗೊತ್ತಿದ್ದರೆ ಹುಡುಕುವುದು ಸುಲಭ. ಇಲ್ಲದಿದ್ದರೆ ರಾಜ್ಯ ಕರ್ನಾಟಕ, ವಿಭಾಗ ಇನ್‌ಫ್ರಾ-2 (ಕಟ್ಟಡ ಯೋಜನೆಗಳು ಬರುವ ವಿಭಾಗ) ಎಂದು ಆಯ್ದು, ವರ್ಷ ಹಾಕಿ ಪಟ್ಟಿ ತೆಗೆಯಬೇಕು. ಯೋಜನೆಯ ಜಾಹೀರಾತಿನ ಹೆಸರು ಇಲ್ಲಿ ಇರಬೇಕೆಂದಿಲ್ಲ, ಗ್ರಾಮ ಮತ್ತು ಸರ್ವೆ ನಂಬರಿನಿಂದ ಗುರುತು ಹಿಡಿಯುವುದು ಮೇಲು. ಕಡತ ಸಿಕ್ಕ ಮೇಲೆ ಮೊದಲು ಜಾಗದ ಗಡಿ ಗುರುತಿಸಿರುವ ಕೆಎಂಎಲ್ ಎಂಬ ನಕ್ಷೆ ಫೈಲ್ ಇಳಿಸಿಕೊಂಡು ಗೂಗಲ್ ಅರ್ಥ್‌ನಲ್ಲಿ ತೆರೆಯಿರಿ. ಜಾಗದ ಗಡಿ ಉಪಗ್ರಹ ಚಿತ್ರದ ಮೇಲೆ ಕೂತು, ಯಾವ ಮನೆಯ ಗೋಡೆಗೆ ತಾಗಿದೆ, ಕಾಲುವೆ ಎಷ್ಟು ದೂರ ಎಂಬುದು ಕಣ್ಣಿಗೆ ಕಾಣುತ್ತದೆ. ಆಮೇಲೆ ಬಿಲ್ಡರ್ ತುಂಬಿದ ಅರ್ಜಿಗಳಾದ ಫಾರ್ಮ್ 1, ಫಾರ್ಮ್ 1ಎ ಮತ್ತು ಯೋಜನೆಯ ಒಟ್ಟು ರೂಪ ವಿವರಿಸುವ ಕಾನ್ಸೆಪ್ಚುವಲ್ ಪ್ಲಾನ್. ನೂರಾರು ಪುಟ ಇದ್ದರೂ ಓದಲೇಬೇಕಾದ ಜಾಗ ಮೂರೇ.

ಮೊದಲನೆಯದು ನೀರಿನ ಲೆಕ್ಕದ ಕೋಷ್ಟಕ. 400 ಫ್ಲ್ಯಾಟ್, ಮನೆಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದಿಟ್ಟರೆ ದಿನಕ್ಕೆ 2,70,000 ಲೀಟರ್. ಇದರಲ್ಲಿ ತಲೆಗೆ 45 ಲೀಟರ್ ಫ್ಲಶ್‌ಗೆ, ಅದು ಸಂಸ್ಕರಿಸಿದ ನೀರು. ಉಳಿದ 1,80,000 ಲೀಟರ್ ಹೊಸ ನೀರು ಬೇಕು, ಅಂದರೆ 12,000 ಲೀಟರಿನ 15 ಟ್ಯಾಂಕರ್, ಪ್ರತಿದಿನ. ಮೂಲ ಎಲ್ಲಿ ಎಂದು ಕೇಳಿದರೆ ಕಡತದಲ್ಲಿ ಜಲಮಂಡಳಿಯ ಪತ್ರ ಇರುತ್ತದೆ. ಅದರ ಷರತ್ತು ಓದಿ. ‘ಲಭ್ಯತೆಯ ಮೇರೆಗೆ’ ಎಂಬರ್ಥದ ಮಾತಿದ್ದರೆ ಅದನ್ನು ನೀರಿನ ಖಾತರಿ ಎಂದು ಎಣಿಸುವಂತಿಲ್ಲ. ಹೊರವಲಯದ 110 ಹಳ್ಳಿಗಳಿಗೆಂದು 775 ಎಂಎಲ್‌ಡಿ (ದಿನಕ್ಕೆ ದಶಲಕ್ಷ ಲೀಟರ್) ಸಾಮರ್ಥ್ಯದ ಕಾವೇರಿ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದೆ ನಿಜ. ನಿಮ್ಮ ಬೀದಿಗೆ ಪೈಪ್ ಬಂದಿದೆಯೇ, ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ ಎಂಬುದನ್ನು ನೀವೇ ಬರೆದು ತಿಳಿಸಬೇಕು.

ಅದೇ ಕೋಷ್ಟಕದ ಇನ್ನೊಂದು ತುದಿ ಕೊಳಚೆ. ಬಳಸಿದ ನೀರಿನಲ್ಲಿ ಸುಮಾರು ಶೇ 85 ಕೊಳಚೆಯಾಗುತ್ತದೆ ಎಂದಿಟ್ಟರೆ ಮೇಲಿನ ಯೋಜನೆಯಲ್ಲಿ ದಿನಕ್ಕೆ 2,30,000 ಲೀಟರ್ ಹತ್ತಿರ. ಫ್ಲಶ್‌ಗೆ 90,000, ಗಿಡಗಳಿಗೆ 30,000 ಹೋದರೂ 1,10,000 ಲೀಟರ್ ಮಿಗುತ್ತದೆ. ಮಳೆಗಾಲದಲ್ಲಿ ಗಿಡಕ್ಕೂ ಬೇಡ. ಈ ಹೆಚ್ಚುವರಿ ನೀರು ಎಲ್ಲಿಗೆ ಎಂಬ ಸಾಲು ಖಾಲಿ ಇದ್ದರೆ ಅಥವಾ ‘ರಸ್ತೆ ತೊಳೆಯಲು’ ಎಂದು ದೊಡ್ಡ ಅಂಕಿ ಹಾಕಿದ್ದರೆ ಅಲ್ಲೇ ಹಿಡಿಯಿರಿ. ಆ ನೀರು ಮಳೆನೀರಿನ ಚರಂಡಿಗೆ ಸೇರಿ, ತಗ್ಗಿನಲ್ಲಿರುವ ಮನೆಗಳ ಮುಂದೆ ನಿಲ್ಲುತ್ತದೆ.

ಎರಡನೆಯದು ಸಂಚಾರ ವರದಿ. ಕೈಚಳಕಕ್ಕೆ ಹೆಚ್ಚು ಜಾಗ ಇರುವುದು ಇಲ್ಲೇ. ರಸ್ತೆಯ ಮೇಲಿನ ವಾಹನ ಸಂಖ್ಯೆಯನ್ನು ರಸ್ತೆಯ ಸಾಮರ್ಥ್ಯದಿಂದ ಭಾಗಿಸಿ ವಿ/ಸಿ ಅನುಪಾತ ಕೊಡುತ್ತಾರೆ. ಐಆರ್‌ಸಿ (ಭಾರತೀಯ ರಸ್ತೆ ಕಾಂಗ್ರೆಸ್) 106 ಮಾರ್ಗಸೂಚಿಯಲ್ಲಿ ಎರಡು ಲೇನಿನ ದ್ವಿಮುಖ ರಸ್ತೆ ಆರ್ಟೀರಿಯಲ್ (ಮುಖ್ಯ ರಸ್ತೆ) ಆದರೆ ಗಂಟೆಗೆ 1,500 ಪಿಸಿಯು (ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತಂದ ಅಳತೆ), ಅದಕ್ಕಿಂತ ಕೆಳದರ್ಜೆಯ ಸಬ್-ಆರ್ಟೀರಿಯಲ್‌ಗೆ 1,200, ಮನೆ ಅಂಗಡಿಗಳಿಗೆ ನೇರ ಬಾಗಿಲಿರುವ ಕಲೆಕ್ಟರ್ ರಸ್ತೆಗೆ 900. ಈಗ ಗಂಟೆಗೆ 700 ಇದೆ, ಹೊಸ ಕಟ್ಟಡದಿಂದ 250 ಸೇರುತ್ತದೆ ಎನ್ನಿ. 950ನ್ನು 1,500ರಿಂದ ಭಾಗಿಸಿದರೆ 0.63, ಕಾಗದದ ಮೇಲೆ ರಸ್ತೆ ಆರಾಮ. 900ರಿಂದ ಭಾಗಿಸಿದರೆ 1.06, ರಸ್ತೆ ಕಟ್ಟಿಹೋಯಿತು. ಎಣಿಕೆ ಎರಡರಲ್ಲೂ ಸರಿ, ರಸ್ತೆಗೆ ಕೊಟ್ಟ ದರ್ಜೆ ಮಾತ್ರ ಬೇರೆ. ಎಣಿಕೆ ನಡೆದ ದಿನಾಂಕವನ್ನೂ ಕ್ಯಾಲೆಂಡರ್ ಜೊತೆ ಹೋಲಿಸಿ. ಭಾನುವಾರ, ಹಬ್ಬ, ಶಾಲೆ ರಜೆಯ ದಿನವಾಗಿದ್ದರೆ ಮತ್ತೆ ಎಣಿಸಲು ಕೇಳುವುದಕ್ಕೆ ಅದೊಂದೇ ಸಾಕು. ರಸ್ತೆಯ ಅಗಲ ಮಾಸ್ಟರ್ ಪ್ಲಾನಿನಲ್ಲಿ ಒಂದು, ನೆಲದ ಮೇಲೆ ಒಂದು ಇರುವುದು ಸಾಮಾನ್ಯ. ಎಫ್‌ಎಆರ್ (ಜಾಗದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) ಕೂಡ ರಸ್ತೆ ಅಗಲದ ಮೇಲೆ ನಿಂತಿರುವುದರಿಂದ ಅತಿ ಕಿರಿದಾದ ಕಡೆ ಕಾಂಪೌಂಡಿನಿಂದ ಕಾಂಪೌಂಡಿಗೆ ಟೇಪ್ ಹಿಡಿದು, ಟೇಪ್ ಕಾಣುವಂತೆ ಫೋಟೊ ತೆಗೆದು ಲಗತ್ತಿಸಿ.

ಮೂರನೆಯದು ಮಣ್ಣಿನ ಲೆಕ್ಕ. 3,500 ಚದರ ಮೀಟರ್ ಜಾಗದಲ್ಲಿ ಎರಡು ಬೇಸ್‌ಮೆಂಟಿಗೆ 7 ಮೀಟರ್ ಅಗೆದರೆ 24,500 ಘನ ಮೀಟರ್. ಟಿಪ್ಪರಿಗೆ 12ರಂತೆ ಎರಡು ಸಾವಿರ ಲೋಡ್ ದಾಟುತ್ತದೆ, ಅಗೆದ ಮಣ್ಣು ಉಬ್ಬುವುದರಿಂದ ಇನ್ನೂ ಹೆಚ್ಚೇ. ‘ಎಲ್ಲ ಮಣ್ಣೂ ಜಾಗದೊಳಗೇ ಬಳಕೆ’ ಎಂದು ಬರೆದಿದ್ದರೆ ನಂಬುವಂತಿಲ್ಲ. ಅಂಚಿನ ಮನೆಗಳಿದ್ದರೆ ಗುಂಡಿ ಕುಸಿಯದಂತೆ ಯಾವ ಬಗೆಯ ತಡೆ ಹಾಕುತ್ತಾರೆ ಎಂದು ಕೇಳಿ. ಅಗೆತ ಶುರುವಾಗುವ ಮೊದಲೇ ಗೋಡೆಗಳ ಬಿರುಕುಗಳನ್ನು ದಿನಾಂಕ ಸಮೇತ ಚಿತ್ರೀಕರಿಸಿಟ್ಟುಕೊಳ್ಳಿ.

ಆಕ್ಷೇಪಣೆಯನ್ನು ಪರಿಸರ ಅನುಮತಿಯ ಅರ್ಜಿಗಳನ್ನು ಪರಿಶೀಲಿಸುವ ರಾಜ್ಯ ಪರಿಣತರ ಸಮಿತಿಯ ಸದಸ್ಯ ಕಾರ್ಯದರ್ಶಿಗೆ, ವಿಷಯ ಸಭೆಯ ಕಾರ್ಯಸೂಚಿಗೆ ಬರುವ ಮುನ್ನವೇ ಕೊಡಬೇಕು. ‘ಟ್ರಾಫಿಕ್ ಹೆಚ್ಚುತ್ತದೆ’ ಎಂಬ 200 ಸಹಿಯ ಮನವಿಗಿಂತ ಪುಟ ಸಂಖ್ಯೆ, ಕೋಷ್ಟಕದ ಅಂಕಿ, ನೆಲದ ಅಳತೆ ಇರುವ ಎರಡು ಪುಟಕ್ಕೆ ತೂಕ ಹೆಚ್ಚು. ಪೋರ್ಟಲ್‌ನ ದೊಡ್ಡ ಕೊರತೆ ಎಂದರೆ ಎಲ್ಲವೂ ಇಂಗ್ಲಿಷಿನಲ್ಲಿದೆ. ತಮ್ಮ ಬೀದಿಯ ಭವಿಷ್ಯ ಬರೆದಿರುವ ಕಾಗದ ಅಲ್ಲಿ ವಾಸಿಸುವವರ ಭಾಷೆಯಲ್ಲಿ ಸಿಗದಿರುವುದು ಸರಿಯಲ್ಲ.

ದಿಶಾಂಕ್ ಆ್ಯಪ್ ಬೇರೆ ಕೆಲಸಕ್ಕೆ. ಕಂದಾಯ ಇಲಾಖೆಗಾಗಿ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ್ದು, ಹಳೆಯ ಗ್ರಾಮ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಕೂರಿಸಿ ತೋರಿಸುತ್ತದೆ. ನಿಂತ ಜಾಗದ ಸರ್ವೆ ನಂಬರ್ ತಕ್ಷಣ ಸಿಗುತ್ತದೆ. ಹಳ್ಳ, ಕೆರೆ, ಗೋಮಾಳ ಇತ್ತೇ ಎಂಬ ಅನುಮಾನ ಹುಟ್ಟಿಸಲು ಇದರಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಆದರೆ ಗೆರೆ ಕೆಲವು ಮೀಟರ್ ಆಚೀಚೆ ಇರಬಹುದು, ಜೊತೆಗೆ ಫೋನಿನ ಜಿಪಿಎಸ್ ತಪ್ಪು ಸೇರುತ್ತದೆ. ಗಡಿಯಲ್ಲಿ ನಿಂತು ನೋಡಬೇಡಿ, ಜಾಗದ ನಡುವೆ ಒತ್ತಿ ನೋಡಿ. ಸ್ಕ್ರೀನ್‌ಶಾಟ್ ಸಾಕ್ಷ್ಯವಾಗದು. ಸರ್ವೆ ಇಲಾಖೆಯಿಂದ ಗ್ರಾಮ ನಕ್ಷೆ, ಟಿಪ್ಪಣಿ (ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ನಕಲು ತೆಗೆಸಿ, ಪಹಣಿಯಲ್ಲಿ ಬಿ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ) ಎಷ್ಟು ಗುಂಟೆ ಎಂದು ತಾಳೆ ನೋಡಿ. ಆರ್‌ಎಂಪಿ 2015ರ (ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್) ಬಫರ್, ಅಂದರೆ ಕಟ್ಟದೆ ಬಿಡಬೇಕಾದ ಅಂಚು, ಕೆರೆಗೆ 30 ಮೀಟರ್, ರಾಜಕಾಲುವೆಗೆ ದರ್ಜೆ ಪ್ರಕಾರ 50, 25, 15 ಮೀಟರ್, ಅದೂ ಕಾಲುವೆಯ ಮಧ್ಯದಿಂದ. 2016ರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಕೆರೆಗೆ ಹೇಳಿದ್ದ 75 ಮೀಟರನ್ನು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಈಗಲೂ 75 ಎಂದು ಬರೆದ ಅರ್ಜಿ ಮೊದಲ ಓದಿನಲ್ಲೇ ಬೀಳುತ್ತದೆ.

ರೇರಾ ಪೋರ್ಟಲ್ ಕೊಳ್ಳುವವರಿಗೆ ಒಳ್ಳೆಯದು, ನೆರೆಯವರಿಗೆ ತಡವಾಗಿ ಸಿಗುವ ಮಾಹಿತಿ. ನೋಂದಣಿಯ ಹೊತ್ತಿಗೆ ನಕ್ಷೆ ಮಂಜೂರಾಗಿರುತ್ತದೆ. ಆ ಮಂಜೂರಾದ ನಕ್ಷೆ ಮತ್ತು ಕಾಮಗಾರಿ ಆರಂಭದ ಪತ್ರ ನೋಡಲು, ಪರಿವೇಶ್‌ನಲ್ಲಿ ಹೇಳಿದ ಮನೆಗಳ ಸಂಖ್ಯೆಯೇ ಇಲ್ಲೂ ಇದೆಯೇ ಎಂದು ಹೋಲಿಸಲು ಬಳಸಿ.

20,000 ಚದರ ಮೀಟರಿಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿದ ಯೋಜನೆಗಳು ಪರಿವೇಶ್‌ನಲ್ಲಿ ಸಿಗುವುದಿಲ್ಲ. ಈ ಲೆಕ್ಕಕ್ಕೆ ಬೇಸ್‌ಮೆಂಟ್ ಮತ್ತು ಸೇವಾ ಪ್ರದೇಶವೂ ಸೇರುತ್ತದೆ. ಎಫ್‌ಎಆರ್ ವಿಸ್ತೀರ್ಣ 14,000 ಎಂದು ತೋರಿಸಿದ್ದರೂ ಎರಡು ಬೇಸ್‌ಮೆಂಟ್ ಸೇರಿಸಿ ಕೂಡಿ ನೋಡಿ. ಮಿತಿ ಮುಟ್ಟಿದರೆ ಅನುಮತಿಯಿಲ್ಲದೆ ಕೆಲಸ ಶುರು ಮಾಡುವಂತಿಲ್ಲ. ನಕ್ಷೆ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ: ₹10 ಶುಲ್ಕ, ಒಂದೇ ವಿಷಯ, ಕರ್ನಾಟಕದ ನಿಯಮದಂತೆ 150 ಪದದೊಳಗೆ, ಉತ್ತರಕ್ಕೆ 30 ದಿನ. 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ವೃಕ್ಷ ಅಧಿಕಾರಿ ಸಾರ್ವಜನಿಕ ಆಕ್ಷೇಪಣೆ ಕರೆಯಲೇಬೇಕು. ಪರಿಸರ ಅನುಮತಿ ಸಿಕ್ಕಿಯೇಬಿಟ್ಟಿದ್ದರೆ ಎನ್‌ಜಿಟಿಗೆ ಮೇಲ್ಮನವಿ ಹಾಕಲು 30 ದಿನ, ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನದವರೆಗೆ. ಅದಕ್ಕಾಗಿ ಸ್ಥಳೀಯ ಪತ್ರಿಕೆಗಳಲ್ಲಿ ಬರುವ ಅನುಮತಿಯ ಪ್ರಕಟಣೆಯನ್ನು ಕತ್ತರಿಸಿ, ದಿನಾಂಕ ಬರೆದು ಇಟ್ಟುಕೊಳ್ಳಿ.