ರೈಸನ್ 7 5800ಎಕ್ಸ್3ಡಿ: ಬಹಳ ದಿನ ಬಳಸಿದವನ ಮಾತು

ವಿಡಿಯೋ ಎಡಿಟಿಂಗ್‌ಗೆ ಅಂತಲೇ ಆದರೆ ಈ ಪ್ರೊಸೆಸರ್ ತಗೋಬೇಡಿ. ಗೇಮ್, ಸಿಮ್ಯುಲೇಟರ್ ಆಡುವವರಾದರೆ ಧಾರಾಳವಾಗಿ ತಗೊಳ್ಳಿ. ತುಮಕೂರಿನ ನಮ್ಮ ಸಣ್ಣ ಸ್ಟುಡಿಯೋದಲ್ಲಿ ಒಂದೇ ಪಿಸಿ ಎರಡೂ ಕೆಲಸ ಮಾಡುತ್ತದೆ. ಹಗಲು ಮದುವೆ ವಿಡಿಯೋ, ರಾತ್ರಿ ಫ್ಲೈಟ್ ಸಿಮ್ಯುಲೇಟರ್.

ಎಎಂಡಿ ಕಂಪನಿ ಇದನ್ನು ಮಾರುಕಟ್ಟೆಗೆ ಬಿಟ್ಟಿದ್ದು ಏಪ್ರಿಲ್ 2022ರಲ್ಲಿ. ವೇಗದ ಅಂಕಿ ನೋಡಿದರೆ ಸಾದಾ 5800ಎಕ್ಸ್‌ಗಿಂತ ಕಡಿಮೆಯೇ. ಅದು 4.7 ಗಿಗಾಹರ್ಟ್ಸ್‌ವರೆಗೆ ಹೋದರೆ ಇದು 4.5ಕ್ಕೇ ನಿಲ್ಲುತ್ತದೆ. ಗುಟ್ಟು ಇರುವುದು ಎಲ್3 ಕ್ಯಾಶ್‌ನಲ್ಲಿ, ಅಂದರೆ ಪ್ರೊಸೆಸರ್ ಒಳಗೇ ಇರುವ ಚಿಕ್ಕ, ಚುರುಕು ಮೆಮೊರಿಯಲ್ಲಿ. ಸಾದಾ ಚಿಪ್‌ನಲ್ಲಿ 32 ಎಂಬಿ. ಇಲ್ಲಿ ಅದರ ಮೇಲೆ ಇನ್ನೊಂದು 64 ಎಂಬಿ ಪದರ ಕೂರಿಸಿ 96 ಮಾಡಿದ್ದಾರೆ. ನಡುವೆ ಬೆಸುಗೆ ಇಲ್ಲ, ತಾಮ್ರಕ್ಕೆ ತಾಮ್ರ ನೇರವಾಗಿ ಅಂಟಿದೆ.

ಇಷ್ಟೆಲ್ಲ ಯಾಕೆ ಅಂದರೆ, ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ರ್‍ಯಾಮ್‌ನಿಂದ ಡೇಟಾ ಬರುವ ತನಕ ಸುಮ್ನೆ ಕಾಯಬೇಕು. ವುಲ್ಫ್ ಮತ್ತು ಮೆಕ್ಕೀ ಎಂಬ ಸಂಶೋಧಕರು 1995ರಲ್ಲೇ ಇದನ್ನು 'ಮೆಮೊರಿ ಗೋಡೆ' ಎಂದು ಕರೆದು ಎಚ್ಚರಿಸಿದ್ದರು. ಒಗ್ಗರಣೆಗೆ ಎಣ್ಣೆ ಕಾದ ಮೇಲೆ ಸಾಸಿವೆ ತರಲು ಮಂಡಿಪೇಟೆಗೆ ಹೊರಟ ಹಾಗೆ. ಕ್ಯಾಶ್ ದೊಡ್ಡದಾದರೆ ಆ ಓಡಾಟ ಕಡಿಮೆ.

ಸಿಮ್ಯುಲೇಟರ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ದೊಡ್ಡ ಊರಿನ ಏರ್‌ಪೋರ್ಟ್‌ಗೆ ಇಳಿಯುವಾಗ ಮೊದಲು ಚಿತ್ರ ತಡೆತಡೆದು ಬರುತ್ತಿತ್ತು, ಈಗ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಹಳೆಯದೇ, ನೆನಪಿರಲಿ. ಮದುವೆ ವಿಡಿಯೋ ರೆಂಡರ್ (ಎಡಿಟ್ ಮಾಡಿದ್ದನ್ನು ಫೈಲ್ ಆಗಿ ತೆಗೆಯುವುದು) ಮಾತ್ರ ಒಂದು ಚೂರೂ ಬೇಗ ಆಗಿಲ್ಲ. ಅಲ್ಲಿ ಕೋರ್, ಅಂದರೆ ಲೆಕ್ಕ ಮಾಡುವ ಘಟಕಗಳು, ಜಾಸ್ತಿ ಇರುವ ಚಿಪ್ಪೇ ಬೇಕು.

ನನಗೆ ತುಂಬಾ ಹಿಡಿಸಿದ್ದು ಖರ್ಚಿನ ವಿಷಯ. ಊರಿನ ಒಂದು ಅಂಗಡಿಯವರು ಮದರ್‌ಬೋರ್ಡ್, ರ್‍ಯಾಮ್ ಎಲ್ಲ ಬದಲಿಸಲೇಬೇಕು ಅಂದಿದ್ದರು. ಬೇಕಾಗಲಿಲ್ಲ. ಹಳೇ ಎಎಂ4 (ಈ ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡ್‌ಗೆ ಬಯಾಸ್, ಅಂದರೆ ಬೋರ್ಡಿನ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದೆ, ಅದೇ ಡಿಡಿಆರ್4 ರ್‍ಯಾಮ್ ಉಳಿಸಿಕೊಂಡೆ, ಅಷ್ಟೇ.

ಕಾಟ ಅಂದರೆ ಬಿಸಿ. ಮೇಲೊಂದು ಪದರ ಕೂತಿರುವುದರಿಂದ ಕೋರ್‌ಗಳ ಶಾಖ ಬೇಗ ಹೊರಗೆ ಹೋಗುವುದಿಲ್ಲ. ಇದರ ಮಿತಿ 90 ಡಿಗ್ರಿ. ನಮ್ಮೂರಿನ ಏಪ್ರಿಲ್ ಮಧ್ಯಾಹ್ನ ರೆಂಡರ್‌ಗೆ ಹಾಕಿದರೆ ಅದರ ಹತ್ತಿರಕ್ಕೇ ಹೋಗುತ್ತದೆ. ಬಾಕ್ಸ್‌ನಲ್ಲಿ ಕೂಲರ್ ಬೇರೆ ಕೊಡುವುದಿಲ್ಲ. ಒಳ್ಳೆಯ ಟವರ್ ಕೂಲರ್‌ಗೂ ದುಡ್ಡು ಎತ್ತಿಡಿ, ಧೂಳು ಹೊಡೆಸುತ್ತಿರಿ.

ಹೊಸದಾಗಿ ಪಿಸಿ ಕಟ್ಟುವವರು ಮಾತ್ರ ಎಎಂ4ರ ನಂತರ ಬಂದ ಸಾಕೆಟ್ ಎಎಂ5 ಕಡೆ ಹೋಗಿ. ಅದಕ್ಕೆ ಕೂರುವ, 2024ರ ಕೊನೆಗೆ ಬಂದ 9800ಎಕ್ಸ್3ಡಿಯಲ್ಲಿ ಆ ಹೆಚ್ಚುವರಿ ಕ್ಯಾಶ್ ಅನ್ನು ಕೋರ್‌ಗಳ ಕೆಳಗೆ ಇಟ್ಟಿದ್ದಾರೆ. ಶಾಖ ನೇರ ಕೂಲರ್‌ಗೆ ಹೋಗುತ್ತದೆ.